ಕಂಬಳಿ ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೆ ತರಗತಿಯಲ್ಲಿ ಜಾಗವಿದೆಯೇ?

ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಪರಿಚಯವಿರುವ ಒಂದು ನಕ್ಷೆ ಇದೆ. ಅದರಲ್ಲಿ ಎರಡು ಗೆರೆಗಳು ಅಲೆಯಂತೆ ಏರುತ್ತ ಇಳಿಯುತ್ತ ಸಾಗುತ್ತವೆ. ಒಂದು ಗೆರೆ ಕೆನಡಾದ ಹಿಮಪ್ರದೇಶದ ಮೊಲಗಳದ್ದು. ಇನ್ನೊಂದು ಆ ಮೊಲಗಳನ್ನು ತಿಂದು ಬದುಕುವ ಲಿಂಕ್ಸ್ ಎಂಬ ಕಾಡುಬೆಕ್ಕಿನದ್ದು. ಸುಮಾರು ಹತ್ತು ವರ್ಷಕ್ಕೊಮ್ಮೆ ಮೊಲಗಳು ಹೆಚ್ಚುತ್ತವೆ, ಅವುಗಳ ಹಿಂದೆಯೇ ಲಿಂಕ್ಸ್ ಹೆಚ್ಚುತ್ತವೆ, ಆಮೇಲೆ ಎರಡೂ ಕುಸಿಯುತ್ತವೆ. ಭಕ್ಷಕ ಮತ್ತು ಬೇಟೆಪ್ರಾಣಿಯ ಸಂಬಂಧವನ್ನು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ನಕ್ಷೆಗೆ ಅಂಕಿಗಳು ಸಿಕ್ಕಿದ್ದು ಯಾವ ಪ್ರಯೋಗಾಲಯದಿಂದಲೂ ಅಲ್ಲ, ತುಪ್ಪಳದ ವ್ಯಾಪಾರಿಗಳ ಲೆಕ್ಕದ ಪುಸ್ತಕಗಳಿಂದ. 1670ರಲ್ಲಿ ಆರಂಭವಾದ ಹಡ್ಸನ್ ಬೇ ಕಂಪನಿಯ ಗುಮಾಸ್ತರು ಪ್ರತಿ ವರ್ಷ ಎಷ್ಟು ಚರ್ಮ ಬಂತು ಎಂದು ಬರೆದಿಟ್ಟಿದ್ದರು. ಅವರ ಚಿಂತೆ ಲಾಭ ನಷ್ಟದ್ದು, ಜೀವವಿಜ್ಞಾನದ್ದಲ್ಲ. 1942ರಲ್ಲಿ ಚಾರ್ಲ್ಸ್ ಎಲ್ಟನ್ ಮತ್ತು ಮೇರಿ ನಿಕಲ್ಸನ್ ಆ ಸುಮಾರು ಇನ್ನೂರು ವರ್ಷಗಳ ಲೆಕ್ಕವನ್ನು ಜೋಡಿಸಿ ಲಿಂಕ್ಸ್‌ನ ಹತ್ತು ವರ್ಷದ ಚಕ್ರವನ್ನು ತೋರಿಸಿದರು. ಗುಮಾಸ್ತರ ಬರವಣಿಗೆ ವಿಜ್ಞಾನದ ಪಾಠವಾಯಿತು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಬೋಧನಾಭ್ಯಾಸದ ಶಾಲೆಗಳಿರುವ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯಲ್ಲೂ ವ್ಯಾಪಾರಿಗಳಿದ್ದರು, ಲೆಕ್ಕ ಬರೆಯುವವರಿದ್ದರು. ಇಲ್ಲಿ ತುಪ್ಪಳದ ಬದಲು ಕುರಿಯ ಉಣ್ಣೆ, ಕಂಬಳಿ, ಚರ್ಮ, ಹುಣಸೆಹಣ್ಣು, ಕಡಲೆಕಾಯಿ. ಆ ಲೆಕ್ಕದ ಕಾಗದಗಳು ಗಣಿತ ಮತ್ತು ವಿಜ್ಞಾನದ ತರಗತಿಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಸುಮ್ಮನೆ ತಂದು ಗೋಡೆಗೆ ಅಂಟಿಸಿದರೆ ಸಾಲದು. ಅವುಗಳನ್ನು ತರುವುದಕ್ಕೆ ಒಂದು ಕ್ರಮವಿದೆ, ಮೊದಲೇ ಉತ್ತರಿಸಿಕೊಳ್ಳಬೇಕಾದ ಒಂದು ಕಠಿಣ ಪ್ರಶ್ನೆಯೂ ಇದೆ.

ತುಪ್ಪಳದ ವ್ಯಾಪಾರಿ ಬಿಟ್ಟುಹೋದ ಕಾಗದ

ಉತ್ತರ ಅಮೆರಿಕದಲ್ಲಿ ಇಂಥ ಕಾಗದಗಳನ್ನು ಜೋಪಾನ ಮಾಡಿದ ರೀತಿ ನೋಡುವಂತಿದೆ. ಹಡ್ಸನ್ ಬೇ ಕಂಪನಿಯ ದಾಖಲೆಗಳು 1974ರಲ್ಲಿ ಲಂಡನ್‌ನಿಂದ ಕೆನಡಾದ ವಿನ್ನಿಪೆಗ್‌ಗೆ ಬಂದವು. 1994ರಲ್ಲಿ ಅವು ಅಲ್ಲಿನ ಪ್ರಾಂತ್ಯದ ಪತ್ರಾಗಾರದ ಸ್ವತ್ತಾದವು. 2007ರಲ್ಲಿ ಯುನೆಸ್ಕೋ ಅವುಗಳನ್ನು ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಕಂಪನಿಗಳಷ್ಟೇ ಅಲ್ಲ, ಕುಟುಂಬಗಳ ಕಾಗದಗಳೂ ಉಳಿದಿವೆ. ಸೇಂಟ್ ಲೂಯಿಸ್ ಪಟ್ಟಣದಲ್ಲಿ ತುಪ್ಪಳದ ವ್ಯಾಪಾರ ಮಾಡಿದ ಶೂಟೊ ಮನೆತನದ ಪತ್ರಗಳು, ಲೆಕ್ಕಗಳು ಮಿಸೌರಿಯ ಇತಿಹಾಸ ಸಂಘದಲ್ಲಿವೆ. ಜಾನ್ ಜೇಕಬ್ ಆಸ್ಟರ್ ಎಂಬ ದೊಡ್ಡ ವ್ಯಾಪಾರಿಯ ವ್ಯವಹಾರದ ಕಾಗದಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಉಳಿದಿದ್ದರಿಂದಲೇ ಅವುಗಳನ್ನು ಪ್ರಶ್ನಿಸಲೂ ಸಾಧ್ಯವಾಯಿತು. ಲೆಕ್ಕದಲ್ಲಿರುವುದು ಕಾಡಿನಲ್ಲಿದ್ದ ಪ್ರಾಣಿಗಳ ಸಂಖ್ಯೆಯಲ್ಲ, ಬೇಟೆಗಾರರು ತಂದ ಚರ್ಮದ ಸಂಖ್ಯೆ. ಬೆಲೆ ಬಿದ್ದ ವರ್ಷ, ಬೇಟೆಗಾರರ ಊರಿಗೆ ಕಾಯಿಲೆ ಬಂದ ವರ್ಷ ಚರ್ಮ ಕಡಿಮೆ ಬಂದಿರಬಹುದು. ಕೆಲವು ವರ್ಷಗಳ ಅಂಕಿಗಳಲ್ಲಿ ಲಿಂಕ್ಸ್ ಮೊದಲು ಏರಿ ಮೊಲ ಆಮೇಲೆ ಏರುವುದನ್ನು ಕಂಡ ಮೈಕೆಲ್ ಗಿಲ್ಪಿನ್ ಎಂಬ ವಿಜ್ಞಾನಿ, ಹಾಗಾದರೆ ಮೊಲಗಳೇ ಲಿಂಕ್ಸನ್ನು ತಿನ್ನುತ್ತವೆಯೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು 1973ರಲ್ಲಿ ಒಂದು ಲೇಖನ ಬರೆದರು. ತಮಾಷೆಯಂತೆ ಕಂಡರೂ ಇದು ವಿಜ್ಞಾನದ ಶಿಕ್ಷಕರಿಗೆ ದೊಡ್ಡ ಪಾಠ. ಅಂಕಿ ಎಲ್ಲಿಂದ ಬಂತು, ಯಾರು ಬರೆದರು, ಯಾಕೆ ಬರೆದರು ಎಂದು ಕೇಳದೆ ನಕ್ಷೆ ಎಳೆದರೆ ಮೊಲ ಬೆಕ್ಕನ್ನು ತಿಂದುಬಿಡುತ್ತದೆ.

ನಮ್ಮ ಕಡೆಯ ಕಡತ

ಈಗ ನಮ್ಮ ಸೀಮೆಗೆ ಬರೋಣ. ಸರ್ಕಾರಿ ಕಚೇರಿಯ ಫೈಲಿಗೆ ನಾವು ಇಂದು ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟು, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಈ ಕಡತಗಳನ್ನು ವರ್ಣಿಸಿದ್ದಾರೆ. ಶಾನುಭೋಗರೂ ವ್ಯಾಪಾರಿಗಳೂ ಇವುಗಳಲ್ಲೇ ಲೆಕ್ಕ ಇಡುತ್ತಿದ್ದರು.

ನಮ್ಮ ಕಡೆಯ ಮಕ್ಕಳಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಕಂಬಳಿ ನೇಯುವವರು ಉಣ್ಣೆಯ ಹಾಸು ನೂಲು ಗಟ್ಟಿಯಾಗಲೆಂದು ಬಳಿಯುವುದೂ ಹುಣಸೆ ಬೀಜದ ಅಂಟನ್ನೇ. ಕಂಬಳಿಗೂ ಕಂಬಳಿಯ ಲೆಕ್ಕಕ್ಕೂ ಒಂದೇ ಅಂಟು. ಇದ್ದಿಲು ಇಂಗಾಲ, ಬಳಪ ಮೆದು ಕಲ್ಲು, ಅಂಟು ಪಿಷ್ಟದಂಥ ಸಂಕೀರ್ಣ ಶರ್ಕರ. ಒಂದು ಕಡತ ಮಾಡುವ ಚಟುವಟಿಕೆಯಲ್ಲಿ ರಸಾಯನಶಾಸ್ತ್ರದ ಮೂರು ಪಾಠಗಳನ್ನು ಮುಟ್ಟಬಹುದು. ಇದಕ್ಕೆ ಬೇಕಾದ ಸಾಮಗ್ರಿಗೆ ಹಣವನ್ನೂ ಕೊಡಬೇಕಿಲ್ಲ. ಹುಣಸೆ ಬೀಜ ನಮ್ಮ ಹೋಬಳಿಯ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ರಾಜರ ಮತ್ತು ಮಠಗಳ ಕಾಗದಗಳಿಗೆ ಓದುಗರು ಸಿಕ್ಕಿದ್ದಾರೆ. ಶೃಂಗೇರಿ ಮಠದಲ್ಲಿದ್ದ ಟಿಪ್ಪು ಸುಲ್ತಾನನ ಪತ್ರಗಳನ್ನು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಅದೇ ಮಠದ ಕಡತಗಳನ್ನು ಮುಂದೆ ಎ.ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿದರು. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳೂ ಕಡತಗಳೂ ಇವೆ. ನಮ್ಮ ಸೀಮೆಯ ಬಗ್ಗೆ ಹೊರಗಿನವರ ಬರಹವೂ ಇದೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿ ಮಾರ್ಗವಾಗಿ ಸಾಗಿ, ಬೆಟ್ಟದ ಹಳ್ಳಗಳ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವ ಕುಲುಮೆಗಳನ್ನೂ ಉಕ್ಕು ಮಾಡುವ ಬಗೆಯನ್ನೂ ಬರೆದುಕೊಂಡರು. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆದರೆ ಕಂಬಳಿ ಕಟ್ಟನ್ನು ಎತ್ತಿನ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋದ ವ್ಯಾಪಾರಿಯ ಲೆಕ್ಕ ಯಾರ ಪಟ್ಟಿಗೂ ಸೇರಿಲ್ಲ. ಅದು ಇದ್ದರೆ ಅಟ್ಟದ ಮೇಲೆ, ಇಲ್ಲದಿದ್ದರೆ ಗುಜರಿಯಲ್ಲಿ. ಹಳೆಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ಮೊದಲು ಹೊರಗೆ ಬೀಳುವುದು ಇಂಥ ಪೆಟ್ಟಿಗೆಗಳೇ. ಓದಲು ಬರುವವರು ಇಲ್ಲದ ಮೇಲೆ ಇಟ್ಟುಕೊಂಡು ಏನು ಮಾಡುವುದು ಎಂದು ಮನೆಯವರು ಕೇಳುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಓದುವುದನ್ನು ಕಲಿಸಬೇಕಾದವರು ನಾವು.

ಗಣಿತಕ್ಕೆ ಸಿಗುವುದೇನು

ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕ ಎಂಟನೇ ತರಗತಿಯಲ್ಲಿ, ಒಂದು ಸೇರು ಎಂದರೆ ಎಷ್ಟು ಎಂದು ಕೇಳಿದೆ. ಒಬ್ಬಳು ಅಕ್ಕಿ ಅಳೆಯುವ ಪಾತ್ರೆ ಎಂದಳು. ಒಬ್ಬ ಕಿಲೋಗಿಂತ ಸ್ವಲ್ಪ ಕಡಿಮೆ ಎಂದ. ಇನ್ನೊಬ್ಬ, "ಸಾರ್, ನಮ್ಮ ಅಜ್ಜಿ ಸೇರು ಬೇರೆ, ಅಂಗಡಿ ಸೇರು ಬೇರೆ" ಎಂದ. ಮೂವರ ಮಾತೂ ಸರಿಯೇ. ಸೇರು ಅಳತೆಯೂ ಹೌದು, ತೂಕವೂ ಹೌದು, ಊರಿಂದ ಊರಿಗೆ ಬದಲಾಗುತ್ತಿದ್ದುದೂ ಹೌದು. ಹಳೆಯ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕ, ಅಂದರೆ 24 ತೊಲ. ಪಕ್ಕಾ ಸೇರು 80 ತೊಲ. ತೊಲಕ್ಕೆ 11.66 ಗ್ರಾಂ ಹಿಡಿದರೆ 40 ಕಚ್ಚಾ ಸೇರಿನ ಮಣ ಸುಮಾರು 11.2 ಕಿಲೋ, 40 ಪಕ್ಕಾ ಸೇರಿನ ಮಣ ಸುಮಾರು 37.3 ಕಿಲೋ. ಲೆಕ್ಕದ ಪುಸ್ತಕದಲ್ಲಿ ಉಣ್ಣೆ ಒಂದು ಮಣ ಎಂದಿದ್ದರೆ ಯಾವ ಮಣ? ಏಕಮಾನಗಳು ಯಾಕೆ ಏಕರೂಪವಾಗಿರಬೇಕು ಎಂಬ ಪಾಠಕ್ಕೆ ಇದಕ್ಕಿಂತ ಸಹಜವಾದ ಆರಂಭ ಬೇಕೇ?

ತುಪ್ಪಳದ ವ್ಯಾಪಾರಿಗಳಿಗೂ ಇದೇ ತೊಂದರೆ ಇತ್ತು. ಕಾಡಿನಲ್ಲಿ ನಾಣ್ಯ ಓಡುತ್ತಿರಲಿಲ್ಲ. ಆದ್ದರಿಂದ ಅವರು ಒಂದು ಒಳ್ಳೆಯ ಬೀವರ್ ಚರ್ಮವನ್ನೇ ಏಕಮಾನ ಮಾಡಿಕೊಂಡರು. ಉಳಿದ ಚರ್ಮಗಳಿಗೂ ಕೊಡಲಿ, ಕಂಬಳಿ, ಕೆಟಲುಗಳಿಗೂ ಇಷ್ಟು ಬೀವರ್ ಎಂದು ಬೆಲೆ ಕಟ್ಟಿದರು. ಇದನ್ನೂ ನಮ್ಮ ಸೇರು, ಕೊಳಗ, ಖಂಡುಗಗಳನ್ನೂ ಪಕ್ಕಪಕ್ಕ ಇಟ್ಟರೆ ಮಕ್ಕಳು ತಾವೇ ಮಾತಾಡುತ್ತಾರೆ.

ಭಿನ್ನರಾಶಿಗೂ ಇಲ್ಲಿ ಜಾಗವಿದೆ. ಅರೆ, ಕಾಲು, ಅರೆಕಾಲು, ವೀಸ ಎಂದರೆ ಎರಡರಲ್ಲೊಂದು, ನಾಲ್ಕರಲ್ಲೊಂದು, ಎಂಟರಲ್ಲೊಂದು, ಹದಿನಾರರಲ್ಲೊಂದು. ಪ್ರತಿ ಸಲವೂ ಅರ್ಧ ಮಾಡುವ ಈ ಕ್ರಮ ರೂಪಾಯಿಗೆ 16 ಆಣೆ ಎಂಬ ಲೆಕ್ಕಕ್ಕೆ ಹೊಂದುತ್ತದೆ. ಆಣೆಗೆ 12 ಪೈ, ಹಾಗಾಗಿ ರೂಪಾಯಿಗೆ 192 ಪೈ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ಇದು ಮರೆಯಾಯಿತು. ಒಂದು ಸಾಲದ ಚೀಟಿಯಲ್ಲಿ ಬಡ್ಡಿ ರೂಪಾಯಿಗೆ ತಿಂಗಳಿಗೆ ಅರ್ಧ ಆಣೆ ಎಂದು ಬರೆದಿದೆ ಎಂದು ಇಟ್ಟುಕೊಳ್ಳೋಣ. ಕೇಳಲು ಎಷ್ಟು ಸಣ್ಣದು. ಅರ್ಧ ಆಣೆ ಎಂದರೆ 6 ಪೈ. ವರ್ಷಕ್ಕೆ 72 ಪೈ. 192ಕ್ಕೆ 72 ಎಂದರೆ ನೂರಕ್ಕೆ 37.5. ಈ ಲೆಕ್ಕವನ್ನು ಮಾಡಿದ ಮಗು ಶೇಕಡಾವಾರು ಎಂಬುದನ್ನು ಮರೆಯುವುದಿಲ್ಲ.

ಹಳೆಯ ಕಾಗದ ಸಿಗದಿದ್ದರೆ ಇಂದಿನ ಕಾಗದ ಇದೆ. ಪಾವಗಡದ 2,050 ಮೆಗಾವಾಟ್‌ನ ಸೌರ ಪಾರ್ಕು ನಿಂತಿರುವುದು ನಮ್ಮ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆಯ ಮೇಲೆ. ರೈತರು ಭೂಮಿ ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಕೊನೆಯ ಎರಡು ವರ್ಷ ಎಷ್ಟು ಬರುತ್ತದೆ? ಅಷ್ಟರಲ್ಲಿ 13 ಸಲ ಏರಿಕೆಯಾಗಿರುತ್ತದೆ. ಪ್ರತಿ ಸಲ ಹಿಂದಿನ ಮೊತ್ತದ ಮೇಲೆ ಏರಿಸಿದರೆ ಸುಮಾರು 39,600 ರೂಪಾಯಿ. ಮೂಲ ಮೊತ್ತದ ಮೇಲಷ್ಟೇ ಏರಿಸಿದರೆ 34,650 ರೂಪಾಯಿ. ಸರಳಬಡ್ಡಿಗೂ ಚಕ್ರಬಡ್ಡಿಗೂ ಇರುವ ವ್ಯತ್ಯಾಸ ಎಕರೆಗೆ ಸುಮಾರು ಐದು ಸಾವಿರ ರೂಪಾಯಿಯಾಗಿ ಕಣ್ಣೆದುರು ನಿಲ್ಲುತ್ತದೆ. ಕರಾರಿನ ಒಂದು ವಾಕ್ಯವನ್ನು ಗಮನವಿಟ್ಟು ಓದುವುದು ಯಾಕೆ ಮುಖ್ಯ ಎಂಬುದೂ ತಿಳಿಯುತ್ತದೆ. ಈ ಗುತ್ತಿಗೆ ಮುಗಿಯುವ ಹೊತ್ತಿಗೆ ಇಂದಿನ ವಿದ್ಯಾರ್ಥಿಗಳೇ ಮನೆಯ ಹಿರಿಯರಾಗಿರುತ್ತಾರೆ. ಆ ಕಾಗದವನ್ನು ಜೋಪಾನ ಮಾಡಬೇಕಾದವರೂ ಅವರೇ.

ಹೆಸರುಗಳ ಪ್ರಶ್ನೆ

ಇಲ್ಲಿಯವರೆಗೆ ಹೇಳಿದ್ದನ್ನು ನಮ್ಮ ಅಧ್ಯಾಪಕರು ಒಪ್ಪಬಹುದು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದೇ ಹೇಳುತ್ತದೆ. ತೊಡಕು ಬರುವುದು ಮುಂದೆ.

ಲೆಕ್ಕದ ಪುಸ್ತಕದಲ್ಲಿ ಇರುವುದು ಅಂಕಿಗಳಷ್ಟೇ ಅಲ್ಲ, ಹೆಸರುಗಳೂ ಇರುತ್ತವೆ. ಯಾರು ಎಷ್ಟು ಸಾಲ ತಂದರು, ಯಾವ ಹೊಲ ಅಡವಿಟ್ಟರು, ಯಾರ ಮಗ ಯಾರ ಮನೆಯಲ್ಲಿ ಜೀತಕ್ಕೆ ನಿಂತ ಎಂಬುದೂ ಇರಬಹುದು. ಊರು ಸಣ್ಣದು. ಸಾಲ ಕೊಟ್ಟವರ ಮರಿಮಗಳೂ ಸಾಲ ತಂದವರ ಮರಿಮಗನೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ರಾಜ್ಯದ ಋಣ ಪರಿಹಾರ ಕಾಯ್ದೆಯೂ ಅದೇ ವರ್ಷದ್ದು. ಐವತ್ತು ವರ್ಷ ದೊಡ್ಡ ಕಾಲವಲ್ಲ. ತಾತ ಜೀತವಿದ್ದ ಸಂಗತಿಯನ್ನು ಮನೆಯವರೇ ಮಕ್ಕಳಿಗೆ ಹೇಳಿರದಿದ್ದಾಗ, ಅದು ತರಗತಿಯಲ್ಲಿ ಮಾದರಿ ಲೆಕ್ಕವಾಗಿ ಬಂದರೆ ಏನಾಗುತ್ತದೆ?

ತುಪ್ಪಳದ ವ್ಯಾಪಾರದ ಕಾಗದಗಳಿಗೂ ಈ ಮುಖವಿದೆ. ಅಲ್ಲಿ ಮೂಲನಿವಾಸಿ ಬೇಟೆಗಾರರಿಗೆ ಸಾಮಾನು ಸಾಲ ಕೊಟ್ಟು ಚರ್ಮದಲ್ಲಿ ವಸೂಲು ಮಾಡುತ್ತಿದ್ದರು. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ 1803ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ ಬರೆದ ಖಾಸಗಿ ಪತ್ರದಲ್ಲಿ, ಮೂಲನಿವಾಸಿ ಮುಖಂಡರು ವ್ಯಾಪಾರದ ಮಳಿಗೆಗಳಲ್ಲಿ ಸಾಲಕ್ಕೆ ಸಿಲುಕಿದರೆ ಅದನ್ನು ತೀರಿಸಲು ಭೂಮಿ ಬಿಟ್ಟುಕೊಡುತ್ತಾರೆ ಎಂಬ ಲೆಕ್ಕಾಚಾರವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಚರ್ಮದ ಲೆಕ್ಕ ಕೊನೆಗೆ ನೆಲದ ಲೆಕ್ಕವಾಯಿತು. ಅದೇ ದಾಖಲೆಗಳನ್ನು ಇಂದು ಕೆನಡಾದ ಮೇಟಿ ಸಮುದಾಯದವರು, ಅಂದರೆ ತುಪ್ಪಳದ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಣ್ಣುಮಕ್ಕಳಿಗೂ ಹುಟ್ಟಿದ ಮನೆತನಗಳವರು, ತಮ್ಮ ವಂಶ ಗುರುತಿಸಿಕೊಳ್ಳಲು ಹುಡುಕುತ್ತಾರೆ. ಒಂದೇ ಕಾಗದ ಒಬ್ಬರ ನೆಲ ಕಳೆದ ಸಾಕ್ಷಿ, ಇನ್ನೊಬ್ಬರು ತಮ್ಮ ಬೇರು ಕಂಡುಕೊಳ್ಳುವ ಸಾಕ್ಷಿ.

ಇದನ್ನೆಲ್ಲ ಕೇಳಿದ ಕೆಲವು ಸಹಪಾಠಿಗಳು, ಹಾಗಾದರೆ ಈ ಗೊಡವೆಯೇ ಬೇಡ, ಪಠ್ಯಪುಸ್ತಕದ ಲೆಕ್ಕ ಸಾಕು ಎಂದರು. ನಾನು ಒಪ್ಪುವುದಿಲ್ಲ. ನೋವಿದೆ ಎಂದು ಕಾಗದ ಗುಜರಿಗೆ ಹೋದರೆ ನೋವು ಹೋಗುವುದಿಲ್ಲ, ಸಾಕ್ಷಿ ಮಾತ್ರ ಹೋಗುತ್ತದೆ. ಆದರೆ ಆ ಎಚ್ಚರಿಕೆಯನ್ನು ಪಾಠ ಯೋಜನೆಯೊಳಗೇ ತರಬೇಕು.

ಇನ್ನೊಂದು ಮಾತು. ಕಾಗದ ಇರುವುದು ಕೊಟ್ಟವರ ಮನೆಯಲ್ಲಿ, ತಂದವರ ಮನೆಯಲ್ಲಲ್ಲ. ಕುರಿ ಕಾಯ್ದವರ, ಉಣ್ಣೆ ಕತ್ತರಿಸಿದವರ, ನೂಲು ತೆಗೆದ ಹೆಣ್ಣುಮಕ್ಕಳ ಲೆಕ್ಕ ಬರೆದವರಿಲ್ಲ. ಬರೀ ಕಾಗದವನ್ನೇ ನಂಬಿದರೆ ಊರಿನ ಅರ್ಧ ಜನ ಪಾಠದಿಂದ ಹೊರಗೆ ಉಳಿಯುತ್ತಾರೆ. ಆದ್ದರಿಂದ ಬಾಯಿಲೆಕ್ಕವೂ ಬರಬೇಕು. ಮಂದೆಯಲ್ಲಿ ಎಷ್ಟು ಕುರಿ ಎಂದು ಅಕ್ಷರ ಬಾರದ ಹಿರಿಯರು ಹೇಗೆ ನೆನಪಿಟ್ಟುಕೊಂಡರು, ಒಂದು ಕಂಬಳಿಗೆ ಎಷ್ಟು ಕುರಿಯ ಉಣ್ಣೆ ಬೇಕು ಎಂದು ಹೇಗೆ ಅಂದಾಜು ಮಾಡಿದರು ಎಂಬುದೂ ಗಣಿತವೇ.

ಮಾಡಬಹುದಾದದ್ದು

ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನಲವತ್ತು ನಿಮಿಷದ ಅವಧಿ, ಮುಗಿಸಬೇಕಾದ ಘಟಕ, ಹಿಂದೆ ಕೂತು ವೀಕ್ಷಣೆ ಬರೆಯುವ ಮಾರ್ಗದರ್ಶಿ ಅಧ್ಯಾಪಕರು. ನಾನು ಕೇಳುತ್ತಿರುವುದು ಇಡೀ ಅವಧಿಯ ಬದಲಾವಣೆಯನ್ನಲ್ಲ. ಇಂಟರ್ನ್‌ಶಿಪ್‌ನ ಪಾಠಗಳಲ್ಲಿ ಒಂದೇ ಒಂದು ಪಾಠ ಸ್ಥಳೀಯ ಮೂಲ ದಾಖಲೆಯ ಮೇಲೆ ನಿಲ್ಲಲಿ. ಅದಕ್ಕೆ ಈ ಐದು ಕಟ್ಟಳೆಗಳಿರಲಿ.

ಒಂದು, ಮನೆಯಿಂದ ಹಳೆಯ ಕಾಗದ ತನ್ನಿ ಎಂದು ಮಕ್ಕಳಿಗೆ ಹೇಳಬಾರದು. ಇಲ್ಲದ ಮಗುವಿಗೆ ಅವಮಾನ, ಇರುವ ಕಾಗದಕ್ಕೆ ಅಪಾಯ. ಪ್ರಶಿಕ್ಷಣಾರ್ಥಿಯೇ ಹಿರಿಯರ ಬಳಿ ಹೋಗಿ, ಕೂತು, ಕೇಳಿ, ಒಪ್ಪಿಗೆ ಪಡೆಯಬೇಕು.

ಎರಡು, ಮೂಲ ಕಾಗದ ಮನೆಯಲ್ಲೇ ಉಳಿಯಲಿ. ಫೋನಿನಲ್ಲಿ ಚಿತ್ರ ತೆಗೆದರೆ ಸಾಕು. ಚಾರ್ಟಿಗೆಂದು ಕತ್ತರಿಸುವುದು, ಅಂಟಿಸುವುದು, ಲ್ಯಾಮಿನೇಟ್ ಮಾಡಿಸುವುದು ಬೇಡವೇ ಬೇಡ.

ಮೂರು, ತರಗತಿಗೆ ಬರುವ ಪ್ರತಿಯಲ್ಲಿ ಹೆಸರು, ಜಾತಿ, ಸರ್ವೆ ನಂಬರು ಮುಚ್ಚಿರಲಿ. ಅಂಕಿ, ಅಳತೆ, ವಸ್ತು, ವರ್ಷ ಇದ್ದರೆ ನಮ್ಮ ಪಾಠಕ್ಕೆ ಸಾಕು.

ನಾಲ್ಕು, ಪ್ರತಿ ದಾಖಲೆಗೂ ಮಕ್ಕಳಿಂದ ಮೂರು ಪ್ರಶ್ನೆ ಕೇಳಿಸಬೇಕು: ಬರೆದವರು ಯಾರು, ಯಾಕೆ ಬರೆದರು, ಇದರಲ್ಲಿ ಬರೆಯದೆ ಬಿಟ್ಟದ್ದು ಏನು. ಲಿಂಕ್ಸ್‌ನ ನಕ್ಷೆಗೆ ಕೇಳಿದ ಪ್ರಶ್ನೆಗಳೂ ಇವೇ.

ಐದು, ಗಡಿ ಸೀಮೆಯಾದ್ದರಿಂದ ಲೆಕ್ಕ ತೆಲುಗಿನಲ್ಲಿರಬಹುದು. ಮನೆಯಲ್ಲಿ ತೆಲುಗು ಮಾತಾಡುವ ಮಗು ಅಲ್ಲಿ ನಮಗೆ ಗುರುವಾಗಲಿ. ಕನ್ನಡ ಮಾಧ್ಯಮದ ತರಗತಿಯಲ್ಲಿ ಹಿಂದೆ ಸರಿದು ಕೂರುವ ಆ ಮಗುವಿಗೆ ಒಂದು ದಿನವಾದರೂ ಮುಂದೆ ಬಂದು ಓದಿ ಹೇಳುವ ಕೆಲಸ ಸಿಗುತ್ತದೆ.

ಕಾಲೇಜಿನ ಕಡೆಯಿಂದಲೂ ಒಂದು ಸಹಾಯ ಬೇಕು. ಪ್ರತಿ ತಂಡ ಕಂಡ ದಾಖಲೆಗಳ ವಿವರವನ್ನು ಮನೆಯವರ ಒಪ್ಪಿಗೆಯೊಂದಿಗೆ ಒಂದು ವಹಿಯಲ್ಲಿ ಬರೆದಿಡಬೇಕು: ಯಾವ ಬಗೆಯ ಕಾಗದ, ಯಾವ ಲಿಪಿ, ಯಾವ ಸ್ಥಿತಿ. ಕೊಡಲು ಮನಸ್ಸಿರುವ ಮನೆಯವರಿಗೆ ರಾಜ್ಯ ಪತ್ರಾಗಾರ ಇಲಾಖೆಯ ದಾರಿ ತೋರಿಸಬೇಕು. ಕೊಡಲು ಮನಸ್ಸಿಲ್ಲದವರಿಗೆ ಗೆದ್ದಲು ಹಿಡಿಯದಂತೆ ಇಟ್ಟುಕೊಳ್ಳುವ ಬಗೆ ಹೇಳಬೇಕು.

1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ನಡುವೆ ಬಂದದ್ದು 1876-78ರ ಬರ. ಈ ಎರಡು ಸಂಖ್ಯೆಗಳನ್ನು ನಾವು ಬಾಯಿಪಾಠ ಮಾಡಬಲ್ಲೆವು. ಆದರೆ ಆ ವರ್ಷ ನಮ್ಮ ಸಂತೆಯಲ್ಲಿ ರಾಗಿ ರೂಪಾಯಿಗೆ ಎಷ್ಟು ಸೇರು ಸಿಕ್ಕಿತು, ಕಂಬಳಿಗೆ ಗಿರಾಕಿ ಇದ್ದರೇ, ಯಾರು ಊರು ಬಿಟ್ಟರು ಎಂಬುದನ್ನು ಹೇಳಬಲ್ಲದ್ದು ಒಬ್ಬ ಸಣ್ಣ ವ್ಯಾಪಾರಿಯ ಪುಸ್ತಕ ಮಾತ್ರ. ಅಂಥದ್ದೊಂದು ಯಾವುದೋ ಅಟ್ಟದ ಮೇಲಿದ್ದರೆ ಮುಂದಿನ ಮನೆ ಕಟ್ಟುವವರೆಗೆ ಮಾತ್ರ ಅದಕ್ಕೆ ಆಯುಸ್ಸು. ಬರುವ ವರ್ಷದ ತಂಡ ಶಾಲೆಗಳಿಗೆ ಹೊರಡುವ ಮುನ್ನ ಈ ವಿಷಯ ನಮ್ಮ ಕಾಲೇಜಿನ ಪಾಠ ಯೋಜನೆ ಸಭೆಯಲ್ಲಿ ಚರ್ಚೆಗೆ ಬರಲಿ ಎಂದು ಕೋರುತ್ತೇನೆ.